‘ಅದನ್ನೇ ಓದಿಲ್ವಾ?’ ಅನ್ನುವವರ ಮುಂದೆ ನಿಲ್ಲುವುದು ಹೇಗೆ

ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದುವವರ ಗುಂಪಿಗೆ ಹೊಸದಾಗಿ ಹೋದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಅಯ್ಯೋ, ಅದನ್ನೇ ಓದಿಲ್ವಾ?’ ಪ್ರಶ್ನೆಯ ಜೊತೆಗೆ ಒಂದು ಸಣ್ಣ ನಗು. ನೀವು ಹೆಂಗಸಾಗಿದ್ದರೆ, ಇಂಗ್ಲಿಷ್ ಮಾತಾಡುವಾಗ ಕೊಂಚ ತಡವರಿಸಿದರೆ, ಸಿನಿಮಾ ನೋಡಿ ಆಮೇಲೆ ಪುಸ್ತಕಕ್ಕೆ ಬಂದವರಾಗಿದ್ದರೆ ಆ ನಗು ಇನ್ನೂ ಸ್ವಲ್ಪ ಅಗಲವಾಗುತ್ತದೆ. ಇದಕ್ಕೆ ಗೇಟ್‌ಕೀಪಿಂಗ್ ಅನ್ನುತ್ತಾರೆ. ನಾನು ಇವರನ್ನು ದ್ವಾರಪಾಲಕರು ಅಂತ ಕರೆಯುತ್ತೇನೆ. ಜಯ ವಿಜಯರಿಗಾದರೂ ಆ ಕೆಲಸವನ್ನು ಯಾರೋ ಕೊಟ್ಟಿದ್ದರು. ಇವರು ತಾವಾಗಿಯೇ ಬಂದು ನಿಂತವರು.

ಆ ನಗು ನೋಡಿ ಮನೆಗೆ ಬಂದು, ‘ಸಾಕಪ್ಪಾ, ಇನ್ಮೇಲೆ ನನ್ನ ಪಾಡಿಗೆ ಓದಿಕೊಂಡು ಇದ್ದುಬಿಡ್ತೀನಿ’ ಅಂದುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಒಬ್ಬರೇ ಓದುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಓದಿದ್ದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅಂತ ಹೊಟ್ಟೆ ಚುರುಗುಟ್ಟುತ್ತಿರುವಾಗ ಬಾಯಿ ಮುಚ್ಚಿ ಕೂರುವುದಿದೆಯಲ್ಲ, ಅದು ಕಷ್ಟ.

ನನ್ನ ಪರಿಚಯ ಇಷ್ಟು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಊರು ತಿಪಟೂರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೇರೆ ಗ್ರಹ, ಯಂತ್ರಮಾನವ, ಕಾಲಯಾನ ಎಲ್ಲ ನನಗೆ ಮೊದಲು ಸಿಕ್ಕಿದ್ದು ಊರಿನ ಲೈಬ್ರರಿಯಲ್ಲಿ, ರಾಜಶೇಖರ ಭೂಸನೂರಮಠರ ಪುಸ್ತಕಗಳಲ್ಲಿ. ಇಂಗ್ಲಿಷಿನಲ್ಲಿ ಓದಲು ಶುರು ಮಾಡಿದ್ದು ಬೆಂಗಳೂರಿಗೆ ಬಂದ ಮೇಲೆ. ಅದೂ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು.

ಪರೀಕ್ಷೆಗೆ ಕೂರಬೇಡಿ

ನನ್ನ ಮೊದಲ ಸಲಹೆ ಇದು. ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ.

ನಮ್ಮ ಕಾರ್ಖಾನೆಯಲ್ಲಿ ಗೋ–ನೋಗೋ ಗೇಜ್ ಅಂತ ಒಂದು ಸಾಧನ ಇದೆ. ಕೊರೆದ ತೂತಿನ ಅಳತೆ ಸರಿ ಇದೆಯಾ ಅಂತ ನೋಡಲು. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಅಷ್ಟೇ. ನಾನು ಅಳೆದರೂ ಒಂದೇ, ನೈಟ್ ಶಿಫ್ಟಿನ ಹುಡುಗ ಅಳೆದರೂ ಒಂದೇ. ಸೋಮವಾರ ಪಾಸಾದ ಪೀಸು ಶುಕ್ರವಾರ ಫೇಲ್ ಆಗುವುದಿಲ್ಲ. ದ್ವಾರಪಾಲಕರ ಹತ್ತಿರ ಇರುವುದು ಇಂಥ ಗೇಜ್ ಅಲ್ಲ. ಎದುರಿಗೆ ಯಾರಿದ್ದಾರೆ ನೋಡಿಕೊಂಡು ಅಳತೆ ಬದಲಾಗುತ್ತದೆ.

ಇಂದಿರಾನಗರದ ಒಂದು ಕೆಫೆಯಲ್ಲಿ ಓದುಗರ ಕೂಟ ಇತ್ತು. ಪಕ್ಕದಲ್ಲಿ ಕೂತವರು, ಯಂತ್ರಮಾನವರ ಕಥೆಗಳಿಗೆ ಹೆಸರಾದ ಅಮೆರಿಕನ್ ಲೇಖಕ ಅಸಿಮೋವ್ ವಿಷಯ ತೆಗೆದು ಕೇಳಿದರು, ‘ಅಸಿಮೋವ್ ಓದಿದೀರಾ? ಹಾಗಾದ್ರೆ ರೋಬಾಟಿಕ್ಸ್‌ನ ಮೂರು ನಿಯಮ ಹೇಳಿ ನೋಡೋಣ.’ ಹೇಳಿದೆ. ‘ಸರಿ, ಆಮೇಲೆ ಒಂದು ಸೊನ್ನೆಯ ನಿಯಮ ಬಂತಲ್ಲ, ಅದು?’ ಅದನ್ನೂ ಹೇಳಿದೆ. ‘ಯಾವ ಪುಸ್ತಕದಲ್ಲಿ?’ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, ‘ಇದನ್ನೆಲ್ಲ ನಿಮ್ಮ ಯಜಮಾನರು ಓದಿಸಿದ್ರಾ?’ ಅಂದರು. ನಮ್ಮ ಯಜಮಾನರು ಓದುವುದು ಷೇರು ಮಾರ್ಕೆಟ್ ಪುಟ ಮಾತ್ರ.

ಎಲ್ಲ ಉತ್ತರ ಸರಿ ಹೇಳಿದರೂ ಬಾಗಿಲು ತೆರೆಯಲಿಲ್ಲ, ನೋಡಿದಿರಾ? ತೆರೆಯುವುದೂ ಇಲ್ಲ. ಆ ಪ್ರಶ್ನೆಗಳು ನಿಮ್ಮ ಓದನ್ನು ತಿಳಿಯಲು ಹುಟ್ಟಿದವಲ್ಲ. ನೀವು ಹೊರಗಿನವರು ಅಂತ ಮೊದಲೇ ತೀರ್ಮಾನ ಆಗಿದೆ, ಪುರಾವೆ ಸಿಗುವ ತನಕ ಪ್ರಶ್ನೆ ಮುಂದುವರಿಯುತ್ತದೆ. ಹಾಗಾಗಿ ರಾತ್ರಿಯೆಲ್ಲ ಕೂತು ಇನ್ನೂ ಜಾಸ್ತಿ ಓದಿಕೊಂಡು ಮುಂದಿನ ಸಲ ತೋರಿಸಿಬಿಡ್ತೀನಿ ಅನ್ನುವುದು ವ್ಯರ್ಥ. ಖುಷಿಗೆ ಓದುತ್ತಿದ್ದವರು ಹೆದರಿಕೆಗೆ ಓದುವಂತಾಗುತ್ತದೆ.

ಏನು ಹೇಳಬೇಕು ಹಾಗಾದರೆ? ನಾನು ಹೇಳುವುದು ಇದು: ‘ಇಲ್ಲ, ಓದಿಲ್ಲ. ನಿಮಗೆ ಅದರಲ್ಲಿ ಏನು ಇಷ್ಟ ಆಯ್ತು?’

ದನಿ ತಗ್ಗಿಸಬೇಡಿ, ಕ್ಷಮೆ ಕೇಳುವ ಮುಖ ಮಾಡಬೇಡಿ. ‘ಓದಬೇಕು ಅಂತಿದೀನಿ, ಟೈಮ್ ಆಗಿಲ್ಲ’ ಅಂತ ಬಾಲ ಸೇರಿಸಬೇಡಿ. ಓದಿಲ್ಲ ಅಂದರೆ ಓದಿಲ್ಲ. ಅದು ಸಾಲ ಅಲ್ಲವಲ್ಲ.

ಈ ಮಾತಿನಿಂದ ಇನ್ನೊಂದು ಉಪಯೋಗವೂ ಇದೆ. ‘ಅದನ್ನೇ ಓದಿಲ್ವಾ?’ ಅಂದವರೆಲ್ಲ ಕೆಟ್ಟವರಲ್ಲ. ಕೆಲವರು ಉತ್ಸಾಹ ತಡೆಯಲಾರದೆ ಹಾಗೆ ಕೂಗುತ್ತಾರೆ. ಹದಿನೈದು ವರ್ಷದಿಂದ ಆ ಪುಸ್ತಕದ ಬಗ್ಗೆ ಮಾತಾಡಲು ಜನ ಸಿಗದೆ ಒದ್ದಾಡುತ್ತಿರುತ್ತಾರೆ ಪಾಪ. ‘ನಿಮಗೆ ಏನು ಇಷ್ಟ?’ ಅಂತ ಕೇಳಿದ ಕೂಡಲೇ ಅವರ ಮುಖ ಅರಳುತ್ತದೆ. ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಅರ್ಧ ಗಂಟೆ ಬಿಡುವುದಿಲ್ಲ, ಕೊನೆಗೆ ತಮ್ಮ ಪ್ರತಿಯನ್ನೇ ಕೊಟ್ಟು ಕಳಿಸುತ್ತಾರೆ. ನಿಜವಾದ ದ್ವಾರಪಾಲಕರಿಗೆ ಮಾತ್ರ ಈ ಪ್ರಶ್ನೆ ಕಿರಿಕಿರಿ. ಅವರು ಪುಸ್ತಕದ ಬಗ್ಗೆ ಎರಡು ವಾಕ್ಯವನ್ನೂ ಹೇಳದೆ ಮತ್ತೆ ನಿಮ್ಮ ಕಡೆಗೇ ತಿರುಗುತ್ತಾರೆ. ‘ಹಾಗಾದ್ರೆ ನೀವು ಏನು ಓದಿದೀರಿ?’ ಆಗ ಗೊತ್ತಾಯಿತು ಅಂತ ಇಟ್ಟುಕೊಳ್ಳಿ. ನೀರು ಕುಡಿಯುವ ನೆಪದಲ್ಲಿ ಎದ್ದು ಬೇರೆ ಮೇಜಿಗೆ ಹೋಗಿ. ಜಗಳ ಬೇಡ. ಗೆದ್ದರೂ ಸಂಜೆ ಹಾಳು.

ಗುಂಪಿನ ಎದುರು ಅವಮಾನ ಮಾಡಿದರೆ ಮಾತ್ರ ನಾನು ಒಂದು ಮಾತು ಹೇಳುತ್ತೇನೆ. ‘ಇದು ಇಂಟರ್‌ವ್ಯೂನಾ? ನಾನು ಪುಸ್ತಕದ ಬಗ್ಗೆ ಮಾತಾಡೋಕೆ ಬಂದೆ.’ ನಗುತ್ತಲೇ ಹೇಳಬೇಕು. ಪಕ್ಕದವರಲ್ಲಿ ಒಬ್ಬರಾದರೂ ನಗುತ್ತಾರೆ. ಅವರ ಹೆಸರು ಕೇಳಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತಾರೆ.

ಬಾಗಿಲ ಚರಿತ್ರೆ ಸ್ವಲ್ಪ ಗೊತ್ತಿರಲಿ

ವಾದಕ್ಕೆ ಬಳಸಲು ಅಲ್ಲ, ನಿಮ್ಮ ಸಮಾಧಾನಕ್ಕೆ. ಈ ರೋಗ ಈಗ ಬಂದಿದ್ದಲ್ಲ, ನಿಮ್ಮನ್ನು ನೋಡಿ ಹುಟ್ಟಿದ್ದೂ ಅಲ್ಲ.

ಜಗತ್ತಿನ ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ, ಅಂದರೆ ವರ್ಲ್ಡ್‌ಕಾನ್, ಶುರುವಾಗಿದ್ದು 1939ರ ಜುಲೈ 2ರಂದು, ನ್ಯೂಯಾರ್ಕ್‌ನಲ್ಲಿ. ಬಂದವರು ಸುಮಾರು 200 ಜನ. ಆ ಮೊದಲ ದಿನವೇ ಬಾಗಿಲಲ್ಲಿ ಆರು ಜನರನ್ನು ತಡೆದರು. ಫ್ಯೂಚರಿಯನ್ಸ್ ಅನ್ನುವ ಗುಂಪಿನ ಹುಡುಗರು. ಎಡಪಂಥದ ಒಲವು, ಬಾಯಿ ಜೋರು. ಗಲಾಟೆ ಮಾಡುತ್ತಾರೆ, ಕರಪತ್ರ ಹಂಚುತ್ತಾರೆ ಅನ್ನುವುದು ಆಯೋಜಕರ ಭಯ. ತಡೆದವರಿಗೂ ತಡೆಸಿಕೊಂಡವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಇಪ್ಪತ್ತರ ಆಸುಪಾಸು. ಅದೇ ಗುಂಪಿನ ಜೊತೆ ಓಡಾಡುತ್ತಿದ್ದ 19 ವರ್ಷದ ಐಸಾಕ್ ಅಸಿಮೋವ್‌ನನ್ನು ಯಾರೂ ತಡೆಯಲಿಲ್ಲ. ಆತ ಸೀದಾ ಒಳಗೆ ಹೋಗಿ ಕೂತ. ಅಳತೆ ಅಂದರೆ ಹೀಗಿತ್ತು ನೋಡಿ.

ಹೊರಗೆ ಉಳಿದವರು ಯಾರು? ಫ್ರೆಡರಿಕ್ ಪೋಲ್, ಆಮೇಲೆ ದೊಡ್ಡ ಲೇಖಕ, ಸಂಪಾದಕ ಆದ. ಸಿರಿಲ್ ಕಾರ್ನ್‌ಬ್ಲತ್, ಕಥೆಗಾರ. ಡೊನಾಲ್ಡ್ ವೋಲ್‌ಹೈಮ್, 1971ರಲ್ಲಿ ಡಾ ಬುಕ್ಸ್ ಅನ್ನುವ ಪ್ರಕಾಶನವನ್ನೇ ಕಟ್ಟಿದ. 1988ರ ನ್ಯೂ ಆರ್ಲಿಯನ್ಸ್ ವರ್ಲ್ಡ್‌ಕಾನ್‌ಗೆ ಅವನೇ ಗೌರವ ಅತಿಥಿ. ಬಾಗಿಲಲ್ಲಿ ನಿಲ್ಲಿಸಿದ್ದ ಹುಡುಗನನ್ನು ವೇದಿಕೆಗೆ ಕರೆಯಲು ಅರ್ಧ ಶತಮಾನ ಹಿಡಿಯಿತು.

ಹೆಂಗಸರ ವಿಷಯಕ್ಕೆ ಬಂದರೆ ನನಗೆ ತುಂಬ ಇಷ್ಟವಾದದ್ದು ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಪ್ರಸಂಗ. 1970ರ ದಶಕದಲ್ಲಿ ಈ ಹೆಸರಿನಲ್ಲಿ ಅದ್ಭುತ ಕಥೆಗಳು ಬರುತ್ತಿದ್ದವು. ಲೇಖಕರನ್ನು ಯಾರೂ ನೋಡಿರಲಿಲ್ಲ. ಇದು ಹೆಣ್ಣಿರಬಹುದಾ ಅಂತ ಕೆಲವರಿಗೆ ಅನುಮಾನ. 1975ರಲ್ಲಿ ಅವರ ಒಂದು ಸಂಕಲನಕ್ಕೆ ಮುನ್ನುಡಿ ಬರೆದ ರಾಬರ್ಟ್ ಸಿಲ್ವರ್‌ಬರ್ಗ್, ಆ ಅನುಮಾನ ಅಸಂಬದ್ಧ, ಈ ಬರವಣಿಗೆಯಲ್ಲೇ ಗಂಡಸುತನ ಇದೆ ಅನ್ನುವ ಅರ್ಥದ ಮಾತು ಬರೆದರು. ಎರಡು ವರ್ಷ ಕಳೆಯುವುದರೊಳಗೆ ಗುಟ್ಟು ಬಯಲಾಯಿತು. ಟಿಪ್‌ಟ್ರೀ ಅಂದರೆ ಆಲಿಸ್ ಶೆಲ್ಡನ್. ಅರವತ್ತು ದಾಟಿದ ಹೆಂಗಸು. ಸಿಐಎಯಲ್ಲಿ ಕೆಲಸ ಮಾಡಿದ್ದವರು, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ‘ಯಜಮಾನರು ಓದಿಸಿದ್ರಾ’ ಅಂತ ಯಾರಾದರೂ ಕೇಳಿದಾಗ ನನಗೆ ಮನಸ್ಸಿನಲ್ಲೇ ಈಯಮ್ಮನ ನೆನಪಾಗಿ ನಗು ಬರುತ್ತದೆ.

ಇನ್ನೊಂದು ಸ್ಟಾರ್ ಟ್ರೆಕ್ ಕಥೆ. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಈ ಬಾಹ್ಯಾಕಾಶದ ಧಾರಾವಾಹಿಗೆ ಬಂದ ಅಭಿಮಾನಿಗಳಲ್ಲಿ ಹೆಂಗಸರು ಬಹಳ. ಧಾರಾವಾಹಿ ನಿಲ್ಲುತ್ತದೆ ಅಂದಾಗ ಪತ್ರ ಚಳವಳಿ ಶುರು ಮಾಡಿ ಮೂರನೇ ಸೀಸನ್ ತರಿಸಿದವರಲ್ಲಿ ಬಿಜೋ ಟ್ರಿಂಬಲ್ ಅನ್ನುವ ಹೆಂಗಸು ಮುಖ್ಯ. ಆದರೂ ಮೊದಲಿನಿಂದ ಪುಸ್ತಕ ಓದಿಕೊಂಡು ಬಂದ ಅಭಿಮಾನಿಗಳಲ್ಲಿ ಎಷ್ಟೋ ಜನ ಇವರನ್ನು ‘ಟಿವಿ ನೋಡಿ ಬಂದವರು’ ಅಂತ ಮೂಗು ಮುರಿದರು. ಇವರು ಕಾದು ಕೂರಲಿಲ್ಲ. ತಮ್ಮದೇ ಪತ್ರಿಕೆ ಮಾಡಿಕೊಂಡರು. 1972ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ತಮ್ಮದೇ ಸಮ್ಮೇಳನ ನಡೆಸಿದರು. ಕೆಲವು ನೂರು ಜನ ಬಂದಾರು ಅಂದುಕೊಂಡಿದ್ದರು, ಸಾವಿರಗಟ್ಟಲೆ ಬಂದರು. ಅವರು ಬೆಳೆಸಿದ ಫ್ಯಾನ್ ಫಿಕ್ಷನ್, ಅಂದರೆ ಇಷ್ಟದ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಕಥೆ ಬರೆಯುವ ಅಭ್ಯಾಸವೇ ಮುಂದೆ ಹರಡಿಕೊಂಡು, ಅಂಥ ಬರಹಗಳ ದೊಡ್ಡ ಭಂಡಾರ ‘ಆರ್ಕೈವ್ ಆಫ್ ಅವರ್ ಓನ್’ ಹುಟ್ಟಿತು. 2019ರಲ್ಲಿ ಅದಕ್ಕೇ ಸೈನ್ಸ್ ಫಿಕ್ಷನ್ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು. ಕೊಟ್ಟಿದ್ದು ಅದೇ ವರ್ಲ್ಡ್‌ಕಾನ್.

ಪಟ್ಟಿ ಕೊಟ್ಟರೆ

‘ಮೊದಲು ಇವನ್ನೆಲ್ಲ ಓದಿ, ಆಮೇಲೆ ಮಾತಾಡಿ’ ಅಂತ ಪಟ್ಟಿ ಕೊಡುವವರಿದ್ದಾರೆ. ಸಾಮಾನ್ಯವಾಗಿ 1940, 50ರ ದಶಕದ ಅಮೆರಿಕನ್ ಗಂಡಸರ ಹೆಸರುಗಳು. ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿಕೊಳ್ಳಿ. ಅದೇ ಕ್ರಮದಲ್ಲಿ ಓದಬೇಕಾಗಿಲ್ಲ. ಬೇಂದ್ರೆಯನ್ನು ಓದುವ ಮೊದಲು ಪಂಪನನ್ನು ಮುಗಿಸಿ ಬಾ ಅಂತ ನಮಗೆ ಯಾರೂ ಹೇಳಲಿಲ್ಲ, ಅಲ್ವಾ? ಇವತ್ತಿನ ಪುಸ್ತಕ ಹಿಡಿಸಿದರೆ ಅದರ ಬೇರು ಹುಡುಕಿಕೊಂಡು ನೀವೇ ಹಿಂದಕ್ಕೆ ಹೋಗುತ್ತೀರಿ. ಹೋಗದಿದ್ದರೂ ನಷ್ಟ ಇಲ್ಲ.

ಆ ಪಟ್ಟಿಯಲ್ಲಿ ಯಾರಿಲ್ಲ ಅನ್ನುವುದನ್ನೂ ನೋಡಿ. 1905ರಲ್ಲೇ ರೊಕೆಯಾ ಸಖಾವತ್ ಹುಸೇನ್ ಅನ್ನುವ ಬಂಗಾಳದ ಮುಸ್ಲಿಂ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಅದರಲ್ಲಿ ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಹಾರುವ ಗಾಡಿಯಲ್ಲಿ ಓಡಾಡುತ್ತಾರೆ, ಗಂಡಸರು ಮನೆಯೊಳಗೆ ಪರದೆಯಲ್ಲಿರುತ್ತಾರೆ. ಅಚ್ಚಾಗಿದ್ದು ನಮ್ಮ ಪಕ್ಕದ ಮದ್ರಾಸಿನ ಪತ್ರಿಕೆಯಲ್ಲಿ. ಪಟ್ಟಿ ಕೊಡುವವರು ತಂದೆ ತಾತ ಅಂತ ಹೇಳುವ ಅಮೆರಿಕನ್ ಪತ್ರಿಕೆಗಳು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಇನ್ನು ನನ್ನ ಕೆಲಸದ ಜಾಗಕ್ಕೆ ಹತ್ತಿರದ ಜಾಲಹಳ್ಳಿ ನೋಡಿ. ಅಲ್ಲಿನ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ರಂಗರಾಜನ್, ‘ಸುಜಾತ’ ಅನ್ನುವ ಹೆಸರಿನಲ್ಲಿ ತಮಿಳಿಗೆ ಸೈನ್ಸ್ ಫಿಕ್ಷನ್ ಬರೆದು ಮನೆಮಾತಾದರು. ಗಂಡಸು ಹೆಂಡತಿಯ ಹೆಸರಿಟ್ಟುಕೊಂಡು ಬರೆದ ಉದಾಹರಣೆಯೂ ಇದೆ ನೋಡಿ, ಟಿಪ್‌ಟ್ರೀಗೆ ತಿರುಗುಮುರುಗು. ಈಗಿನವರಲ್ಲಿ ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಇದೇ ಊರನ್ನು ಭವಿಷ್ಯದಲ್ಲಿಟ್ಟು ಬರೆದ ಪುಸ್ತಕ 2024ರಲ್ಲಿ ಬ್ರಿಟನ್ನಿನ ಸೈನ್ಸ್ ಫಿಕ್ಷನ್ ಪ್ರಶಸ್ತಿಯಾದ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂತು.

ಪುಸ್ತಕಕ್ಕೆ ದುಡ್ಡು ಅಡ್ಡ ಬಂದರೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಇದೆ, ಬುಕ್‌ವರ್ಮ್ ಇದೆ. ಹಳೇ ಪ್ರತಿಗಳನ್ನು ನೋಡಿ. ಯಾರೋ ಓದಿ ಮಾರಿದ ಪುಸ್ತಕದ ಅಂಚಿನಲ್ಲಿ ಬರೆದ ಟಿಪ್ಪಣಿ ಓದುವ ಸುಖ ಬೇರೆ.

ಓಟು ಹಾಕಿ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಹ್ಯೂಗೋ ಪ್ರಶಸ್ತಿಯನ್ನು ಪಂಡಿತರ ಸಮಿತಿ ಕೊಡುವುದಿಲ್ಲ. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದಾಗಿನಿಂದಲೂ ಓದುಗರೇ ಓಟು ಹಾಕಿ ಆರಿಸುತ್ತಾರೆ. ಆ ವರ್ಷದ ವರ್ಲ್ಡ್‌ಕಾನ್‌ಗೆ ಸದಸ್ಯರಾದರೆ ಸಾಕು. ವೀಸಾ ಬೇಡ, ವಿಮಾನ ಬೇಡ. ಹೋಗದೆ ಇರುವವರ ಸದಸ್ಯತ್ವ ಸುಮಾರು 50 ಡಾಲರ್. ನಮಗೆ ಸಣ್ಣ ದುಡ್ಡಲ್ಲ, ನಿಜ. ಆದರೆ ಓಟುದಾರರಿಗೆ ಆ ವರ್ಷದ ಅಂತಿಮ ಪಟ್ಟಿಯ ಬಹುಪಾಲು ಬರಹಗಳ ಇ-ಪ್ರತಿ ಕಳಿಸುವ ರೂಢಿ ಇದೆ. ಕಾದಂಬರಿ, ನೀಳ್ಗತೆ, ಸಣ್ಣಕಥೆ ಎಲ್ಲ. ಲೆಕ್ಕ ಹಾಕಿದರೆ ಪುಸ್ತಕಗಳ ಬೆಲೆಗೇ ಸರಿಹೋಗುತ್ತದೆ. ಜನವರಿ ಕೊನೆಯೊಳಗೆ ಸದಸ್ಯರಾದರೆ ಸಾಮಾನ್ಯವಾಗಿ ನಾಮನಿರ್ದೇಶನ ಮಾಡುವ ಹಕ್ಕೂ ಸಿಗುತ್ತದೆ. ಓದಿ ಮುಗಿಸದ ವಿಭಾಗದಲ್ಲಿ ಓಟು ಹಾಕದೆ ಖಾಲಿ ಬಿಡಬಹುದು.

ಈ ಓಟಿಗೆ ಬೆಲೆ ಇದೆಯಾ? 2015ರಲ್ಲಿ ಏನಾಯಿತು ಅಂತ ನೋಡಿ. ಸ್ಯಾಡ್ ಪಪ್ಪೀಸ್, ರ‍್ಯಾಬಿಡ್ ಪಪ್ಪೀಸ್ ಅಂತ ಎರಡು ಗುಂಪುಗಳು ತಮ್ಮವರ ಹೆಸರಿನ ಪಟ್ಟಿ ಮಾಡಿ, ಎಲ್ಲರೂ ಅದನ್ನೇ ನಾಮನಿರ್ದೇಶನ ಮಾಡಿ ಅಂತ ಹೇಳಿ ಅಂತಿಮ ಪಟ್ಟಿಯನ್ನು ತುಂಬಿಸಿಬಿಟ್ಟವು. ಹಳೇ ಸಾಹಸದ ಕಥೆಗಳಿಗೆ ಬೆಲೆ ಇಲ್ಲ, ರಾಜಕೀಯ ನೋಡಿ ಪ್ರಶಸ್ತಿ ಕೊಡ್ತಾರೆ ಅನ್ನುವುದು ಅವರ ದೂರು. ಸುಮಾರು 6,000 ಓದುಗರು ಓಟು ಹಾಕಿದರು. ಐದು ವಿಭಾಗಗಳಲ್ಲಿ ‘ಯಾರಿಗೂ ಪ್ರಶಸ್ತಿ ಬೇಡ’ ಅನ್ನುವುದೇ ಗೆದ್ದಿತು. ಅದೇ ವರ್ಷ ಚೀನಾದ ಲಿಯು ಸಿಕ್ಸಿನ್ ಅವರ ಕಾದಂಬರಿಗೆ ಪ್ರಶಸ್ತಿ ಬಂತು. ಅನುವಾದದ ಕಾದಂಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆಮೇಲೆ ಎಣಿಕೆಯ ನಿಯಮ ಬದಲಾಯಿತು. 2016, 2017, 2018, ಮೂರೂ ವರ್ಷ ಕಾದಂಬರಿ ಪ್ರಶಸ್ತಿ ಎನ್. ಕೆ. ಜೆಮಿಸಿನ್ ಅನ್ನುವ ಕಪ್ಪು ಲೇಖಕಿಗೆ ಹೋಯಿತು.

ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. 2023ರ ಚೆಂಗ್ಡು ವರ್ಲ್ಡ್‌ಕಾನ್‌ನಲ್ಲಿ ಸಾಕಷ್ಟು ನಾಮನಿರ್ದೇಶನ ಸಿಕ್ಕಿದ ಕೆಲವು ಲೇಖಕರನ್ನು ಕಾರಣವೇ ಕೊಡದೆ ಅನರ್ಹ ಮಾಡಿದರು. ಆರ್. ಎಫ್. ಕುವಾಂಗ್ ಅವರಲ್ಲಿ ಒಬ್ಬರು. ಮರುವರ್ಷ ಒಳಗಿನ ಇಮೇಲ್‌ಗಳು ಹೊರಬಿದ್ದ ಮೇಲೆ ದೊಡ್ಡ ರಾದ್ಧಾಂತ ಆಯಿತು. ಓಟು ಇದ್ದಲ್ಲೂ ಕಣ್ಣಿಟ್ಟಿರಬೇಕು.

ಪಪ್ಪಿಗಳ ವಿಷಯದಲ್ಲಿ ನನಗೆ ಕುತೂಹಲ ಅನಿಸಿದ್ದು ಬೇರೆ. ಅವರೂ ತಮ್ಮನ್ನು ಹೊರಗಿಟ್ಟಿದ್ದಾರೆ ಅಂತಲೇ ಹೇಳುತ್ತಿದ್ದರು. ಬಾಗಿಲು ಹಾಕುವವರಲ್ಲಿ ಬಹಳ ಜನ ತಾವೇ ಆಚೆ ನಿಂತಿದ್ದೇವೆ ಅಂದುಕೊಂಡಿರುತ್ತಾರೆ. ಇಂದಿರಾನಗರದ ಆ ಮನುಷ್ಯನೂ ಶಾಲೆಯಲ್ಲಿ ‘ಪುಸ್ತಕದ ಹುಳ’ ಅಂತ ಬೈಸಿಕೊಂಡವನೇ ಇರಬೇಕು. ಅದಕ್ಕೆ ನಾನು ಪಾಪ ಅನ್ನಬಹುದು. ಅವನ ಪಕ್ಕ ಕೂರಬೇಕಾಗಿಲ್ಲ.

ಕನ್ನಡದವರಿಗೆ ಎರಡು ಬಾಗಿಲು

ಬೆಂಗಳೂರಿನ ಇಂಗ್ಲಿಷ್ ಓದುಗರ ನಡುವೆ ಭೂಸನೂರಮಠರ ಹೆಸರು ಹೇಳಿ ನೋಡಿ. ‘ಓ, ಕನ್ನಡದಲ್ಲೂ ಇದೆಯಾ?’ ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅದೇ ಹೆಸರನ್ನು ಕನ್ನಡದ ಸಾಹಿತ್ಯ ಗೋಷ್ಠಿಯಲ್ಲಿ ಹೇಳಿ. ‘ಅದೆಲ್ಲ ಮಕ್ಕಳ ಓದು, ಗಂಭೀರ ಸಾಹಿತ್ಯಕ್ಕೆ ಬರಲ್ಲ’ ಅನ್ನುತ್ತಾರೆ. ಅಲ್ಲಿ ಭಾಷೆ ತಪ್ಪು, ಇಲ್ಲಿ ವಿಷಯ ತಪ್ಪು.

ಈ ಎರಡನೇ ಬಾಗಿಲಲ್ಲಿ ನನಗೆ ನೆರವಿಗೆ ಬರುವುದು ತೇಜಸ್ವಿ. ‘ಕರ್ವಾಲೋ’ 1980ರ ಕಾದಂಬರಿ. ಒಬ್ಬ ವಿಜ್ಞಾನಿ, ಅತಿ ಪ್ರಾಚೀನ ಕಾಲದ ಒಂದು ಹಾರುವ ಓತಿ, ಅದನ್ನು ಹುಡುಕಿ ಕಾಡಿಗೆ ಹೋಗುವ ತಂಡ. ಇದನ್ನು ಮೇಷ್ಟ್ರುಗಳೇ ಕಾಲೇಜಿನಲ್ಲಿ ಪಾಠ ಮಾಡಿದ್ದಾರೆ. ‘ಸರ್, ಇದು ಯಾವ ಸಾಹಿತ್ಯ?’ ಅಂತ ಮುಗ್ಧವಾಗಿ ಕೇಳಿ. ಸೈನ್ಸ್ ಫಿಕ್ಷನ್ ಹೌದೋ ಅಲ್ಲವೋ ಅಂತ ಚರ್ಚೆ ಹತ್ತಿಕೊಳ್ಳುತ್ತದೆ. ಹತ್ತಿಕೊಳ್ಳಲಿ. ಅಷ್ಟು ಹೊತ್ತು ಎಲ್ಲರೂ ವಿಜ್ಞಾನದ ಕಥೆಯ ಬಗ್ಗೆಯೇ ಮಾತಾಡುತ್ತಿರುತ್ತಾರೆ.

ಇಂಗ್ಲಿಷ್ ಗುಂಪಿನಲ್ಲಿ ಮಾಡಬೇಕಾದ್ದು ಬೇರೆ. ಹೆಸರು ಹೇಳಿ ಬಿಡಬೇಡಿ, ಕಥೆ ಹೇಳಿ. ಎರಡು ನಿಮಿಷದಲ್ಲಿ, ರೋಚಕವಾಗಿ, ಮುಖ್ಯ ತಿರುವಿನ ಹತ್ತಿರ ತಂದು ನಿಲ್ಲಿಸಿ. ‘ಆಮೇಲೆ?’ ಅಂತ ಕೇಳಿಯೇ ಕೇಳುತ್ತಾರೆ. ಓದಿದವರು ನೀವೊಬ್ಬರೇ. ಆದರೆ ‘ಅದನ್ನೇ ಓದಿಲ್ವಾ?’ ಅನ್ನಬೇಡಿ, ಎಷ್ಟೇ ಆಸೆಯಾದರೂ.

ಇಂಗ್ಲಿಷ್ ಉಚ್ಚಾರಣೆ ತಪ್ಪಾದರೆ ತಲೆ ಕೆಡಿಸಿಕೊಳ್ಳಬೇಡಿ. ಓದಿ ಕಲಿತ ಪದ ಬಾಯಿಗೆ ಬೇರೆ ಥರ ಬರುತ್ತದೆ. ಫ್ಯಾಂಟಸಿ ಕಥೆಗಳಲ್ಲಿ ಬರುವ ಎಲ್ಫ್‌ಗಳ ಹೆಸರನ್ನು ಸರಿಯಾಗಿ ಉಚ್ಚರಿಸುವವರು ಲಂಡನ್ನಿನಲ್ಲೂ ಕಡಿಮೆ.

ಪುಸ್ತಕದ ಪ್ರಶ್ನೆ ದಾಟಿ ಹೋದಾಗ

ಪುಸ್ತಕ ಓದಿಲ್ಲ ಅಂತ ನಗುವುದು ಒಂದು. ಮೈಮೇಲೆ ಬೀಳುವುದು, ಜಾತಿ ಕೇಳುವುದು, ಮೆಸೇಜ್ ಮಾಡಿ ಕಾಡುವುದು, ಕಾಸ್‌ಪ್ಲೇ ಅಂತ ಕಥೆಯ ಪಾತ್ರದ ವೇಷ ಹಾಕಿಕೊಂಡ ಹುಡುಗಿಯ ಫೋಟೋವನ್ನು ಕೇಳದೆ ತೆಗೆಯುವುದು ಬೇರೆ. ಇಲ್ಲಿ ನಗುನಗುತ್ತಾ ಉತ್ತರ ಕೊಡುವ ಅಗತ್ಯವಿಲ್ಲ. ಈಗ ದೊಡ್ಡ ಸಮ್ಮೇಳನಗಳಲ್ಲಿ ನಡವಳಿಕೆಯ ನಿಯಮಗಳನ್ನು ಬರೆದು ಹಾಕಿರುತ್ತಾರೆ. ಟಿಕೆಟ್ ತೆಗೆಯುವ ಮೊದಲೇ ಅದನ್ನು ಓದಿ, ದೂರು ಯಾರಿಗೆ ಅಂತ ನೋಡಿಟ್ಟುಕೊಳ್ಳಿ. ಮೆಸೇಜ್‌ಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಆಯೋಜಕರು ‘ಅವರು ಹಾಗೇನೇ, ಬಿಡಿ, ಮನಸ್ಸಿಗೆ ಹಚ್ಚಿಕೋಬೇಡಿ’ ಅಂದರೆ ಆ ಗುಂಪು ಬಿಡಿ. ಬಾಗಿಲು ಹಾಕಲೇಬೇಕಾದ ಜನ ಇರುತ್ತಾರೆ. ಅದು ಗೇಟ್‌ಕೀಪಿಂಗ್ ಅಲ್ಲ.

ನಿಮ್ಮದೇ ಗುಂಪು

ಮೂರು ಜನ ಸಾಕು. ಮೊದಲೇ ಹೇಳಿದೆನಲ್ಲ, ಪಕ್ಕದಲ್ಲಿ ನಕ್ಕವರ ಹೆಸರು ಕೇಳಿಟ್ಟುಕೊಳ್ಳಿ ಅಂತ. ಅಲ್ಲಿಂದಲೇ ಶುರು. ನಮ್ಮ ಗುಂಪಿನಲ್ಲಿ ನಾನು, ಒಬ್ಬರು ಬಿಎಂಟಿಸಿ ಕಂಡಕ್ಟರ್, ಒಬ್ಬಳು ಡೆಂಟಲ್ ಓದುವ ಹುಡುಗಿ. ಉಳಿದವರು ಬರುತ್ತಾರೆ ಹೋಗುತ್ತಾರೆ. ಸೇರುವುದು ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ. ಕೆಫೆ ಬೇಡ ಅಂತ ತೀರ್ಮಾನ ಮಾಡಿದ್ದಕ್ಕೆ ಕಾರಣ ಇದೆ. ಕಾಫಿಗೇ ಮುನ್ನೂರು ರೂಪಾಯಿ ಆಗುವ ಕಡೆ ಕೂಟ ಇಟ್ಟರೆ ಅದೂ ಒಂದು ಬಾಗಿಲೇ. ಮಳೆ ಬಂದರೆ ಮಾತ್ರ ಕಷ್ಟ.

ನಿಯಮ ಜಾಸ್ತಿ ಇಟ್ಟುಕೊಳ್ಳಬೇಡಿ. ಕನ್ನಡ, ಇಂಗ್ಲಿಷ್, ಯಾವ ಭಾಷೆಯಲ್ಲಾದರೂ ಓದಬಹುದು, ಯಾವುದರಲ್ಲಾದರೂ ಮಾತಾಡಬಹುದು. ಪುಸ್ತಕ ಅರ್ಧ ಓದಿದವರೂ ಬರಬಹುದು, ಆದರೆ ಕೊನೆ ಹೇಳಬೇಡಿ ಅಂತ ಜಗಳ ಮಾಡುವಂತಿಲ್ಲ. ಮುಂದಿನ ಪುಸ್ತಕ ಆರಿಸುವ ಸರದಿ ಎಲ್ಲರಿಗೂ ಬರುತ್ತದೆ. ಇದು ತುಂಬ ಮುಖ್ಯ. ಆರಿಸುವ ಹಕ್ಕು ಒಬ್ಬರ ಕೈಯಲ್ಲೇ ಉಳಿದರೆ ಅವರು ಎಷ್ಟೇ ಒಳ್ಳೆಯವರಾದರೂ ಒಂದು ವರ್ಷದಲ್ಲಿ ದ್ವಾರಪಾಲಕರಾಗುತ್ತಾರೆ.

ಹೊಸಬರು ಬಂದ ದಿನ ‘ಏನೇನು ಓದಿದೀರಿ?’ ಅಂತ ಕೇಳುವುದಿಲ್ಲ. ‘ಇತ್ತೀಚೆಗೆ ಯಾವ ಪುಸ್ತಕ ಅರ್ಧಕ್ಕೆ ಬಿಟ್ರಿ?’ ಅಂತ ಕೇಳುತ್ತೇವೆ. ಎಲ್ಲರ ಹತ್ತಿರವೂ ಉತ್ತರ ಇರುತ್ತದೆ, ಯಾರಿಗೂ ನಾಚಿಕೆ ಇರುವುದಿಲ್ಲ. ಕಂಡಕ್ಟರ್ ಸಾಹೇಬರು ಬಿಟ್ಟ ಪುಸ್ತಕಗಳ ಪಟ್ಟಿಯನ್ನೇ ಇಟ್ಟಿದ್ದಾರೆ. ಅದರಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ.

ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದ. ಅವನು ಪುಸ್ತಕವನ್ನೇ ಓದುತ್ತಿರಲಿಲ್ಲ, ಬರೀ ವಿಡಿಯೋ ಗೇಮ್. ಗೇಮಿನ ಲೋಕ ಹೇಗೆ ಕಟ್ಟಿದ್ದಾರೆ ಅಂತ ಒಂದು ಗಂಟೆ ಹೇಳಿದ. ನನಗೆ ಅರ್ಧ ಅರ್ಥ ಆಗಲಿಲ್ಲ, ಆದರೂ ಚೆನ್ನಾಗಿತ್ತು. ಈ ತಿಂಗಳು ಪುಸ್ತಕ ಆರಿಸುವ ಸರದಿ ಅವನದು. 800 ಪುಟದ ಡ್ರ್ಯಾಗನ್ ಕಾದಂಬರಿ ಆರಿಸಿದ್ದಾನೆ. ನನಗೆ ಡ್ರ್ಯಾಗನ್ ಅಂದರೆ ಆಗುವುದಿಲ್ಲ. ಆದರೂ ಓದುತ್ತಿದ್ದೇನೆ. 120ನೇ ಪುಟಕ್ಕೆ ಬಂದಿದ್ದೇನೆ, ಇನ್ನೂ ಒಂದೂ ಡ್ರ್ಯಾಗನ್ ಬಂದಿಲ್ಲ.